ದಪ್ಪ ತಂತಿಯ ಚರಿತ್ರೆ: ಬೇಸ್ ಗಿಟಾರಿನ ಪ್ರಶ್ನೆಗೆ ಧಾರವಾಡದ ಉತ್ತರ

ಇವತ್ತಿನ ಸಂಚಿಕೆ ತಂತಿಯ ಬಗ್ಗೆ. ಕರೆಂಟಿನ ತಂತಿ ಅಲ್ರಿ, ವಾದ್ಯದ ತಂತಿ. ಅದರಾಗೂ ಎಲ್ಲಕ್ಕಿಂತ ಕೆಳಗಿನ ಸ್ವರ ಕೊಡೋ ದಪ್ಪ ತಂತಿ. ಇಯರ್‌ಫೋನ್ ಇದ್ರ ಹಾಕ್ಕೊಂಡು ಕೇಳ್ರಿ. ಯಾಕಂತ ಕೊನೆ ಹೊತ್ತಿಗೆ ಗೊತ್ತಾಗ್ತೈತಿ.

ವಿಷಯ ಶುರುವಾಗಿದ್ದು ಕಮರಿಪೇಟೆಯ ಒಬ್ಬ ಕೇಳುಗ ಕಳಿಸಿದ ವಾಯ್ಸ್ ನೋಟ್‌ನಿಂದ. ಕಾಲೇಜು ಹುಡುಗ. ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಗೊಂಡಾನ. ತಂತಿ ಎಲ್ಲಾ ತುಕ್ಕು ಹಿಡಿದಾವು. ಹೊಸಾವು ಹಾಕೋಣ ಅಂತ ಆನ್‌ಲೈನ್‌ನ್ಯಾಗ ನೋಡಿದ್ರ ನೂರೆಂಟು ಸೆಟ್. ಒಂದರ ಮ್ಯಾಲ 45–105 ಅಂತ ಬರೆದೈತಿ, ಇನ್ನೊಂದರ ಮ್ಯಾಲ 40–95. ಒಂದು ನಿಕಲ್, ಒಂದು ಸ್ಟೇನ್‌ಲೆಸ್ ಸ್ಟೀಲ್. ಒಂದು ರೌಂಡ್‌ವೂಂಡ್, ಒಂದು ಫ್ಲ್ಯಾಟ್‌ವೂಂಡ್. "ಅಣ್ಣಾ, ಯಾವುದು ತಗೊಳ್ಳಿ?" ಅಷ್ಟ ಅವನ ಪ್ರಶ್ನೆ.

ಒಂದು ಕಂಪನಿ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ನಮ್ಮ ಊರಿನ ಕಡೆಯವರು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಗಿಟಾರಿಗೆ ಅಲ್ಲ, ಸಿತಾರ್ ಮತ್ತು ತಂಬೂರಿಗೆ. ಕಮರಿಪೇಟೆಯಿಂದ ಧಾರವಾಡ ಇಪ್ಪತ್ತು ಕಿಲೋಮೀಟರ್. ಅಲ್ಲಿ ಒಂದು ಸಿತಾರ್ ಮನೆತನ ಕೆಳಗಿನ ಷಡ್ಜದ ತಂತಿಗಾಗಿ ತಲೆ ಕೆಡಿಸಿಕೊಂಡ ಕತೆ ಐತಿ. ಇವತ್ತು ಹುಬ್ಬಳ್ಳಿಯಲ್ಲಿ ಬೇಸ್ ಅಂದ್ರ ನಮಗ ನೆನಪಾಗೋದು ಗಣೇಶನ ಮೆರವಣಿಗೆಯ ಡಿಜೆ, ಎದಿ ನಡುಗಿಸೋ ಸ್ಪೀಕರ್ ಗೋಡೆ. ಅದಕ್ಕೂ ಮೊದಲು ಇದೇ ಊರಾಗ ಬೇಸ್ ಅಂದ್ರ ಕಿವಿಗೊಟ್ಟು ಕೇಳೋ ವಸ್ತು ಆಗಿತ್ತು. ಹಾಡೋರು ಅದರ ಮ್ಯಾಲೆ ಕಾಲೂರಿ ನಿಂತು ಹಾಡ್ತಿದ್ರು.

ಉದ್ದ, ಬಿಗಿ, ತೂಕ

ಮೊದಲು ಸ್ವಲ್ಪ ಲೆಕ್ಕ. ಬಿ.ಕಾಂ. ಮಾಡಿದವನಿಂದ ಫಿಸಿಕ್ಸಾ ಅಂತ ನಗಬ್ಯಾಡ್ರಿ. ಇದು ವ್ಯಾಪಾರದ ಲೆಕ್ಕದಂಗ ಐತಿ, ಒಂದು ಕಡೆ ಕಳೆದ್ರ ಇನ್ನೊಂದು ಕಡೆ ಕೂಡಿಸಬೇಕು.

ತಂತಿಯ ಸ್ವರ ಮೂರು ಸಂಗತಿಗಳನ್ನು ಅವಲಂಬಿಸಿದೆ: ಉದ್ದ, ಬಿಗಿ ಮತ್ತು ತೂಕ. ಇದನ್ನು ಫ್ರಾನ್ಸಿನ ಮರಾಂ ಮೆರ್ಸೆನ್ ಎಂಬ ಪಾದ್ರಿ 1636ರಲ್ಲಿ ನಿಯಮವಾಗಿ ಬರೆದಿಟ್ಟ. ಒಂದು ತಂತಿಯ ಸ್ವರವನ್ನು ಸರಿಯಾಗಿ ಒಂದು ಸಪ್ತಕ ಕೆಳಗೆ ಇಳಿಸಬೇಕು ಅಂದ್ರ ಮೂರು ದಾರಿ. ಒಂದು, ಉದ್ದ ಎರಡು ಪಟ್ಟು ಮಾಡು. ಎರಡು, ಬಿಗಿಯನ್ನು ಕಾಲು ಭಾಗಕ್ಕೆ ಇಳಿಸು. ಮೂರು, ತಂತಿಯ ತೂಕವನ್ನು ನಾಲ್ಕು ಪಟ್ಟು ಹೆಚ್ಚಿಸು. ಅಂದರೆ ಅದೇ ಲೋಹ ಆದ್ರ ದಪ್ಪ ಎರಡು ಪಟ್ಟು.

ಉದ್ದ ಎರಡು ಪಟ್ಟು ಮಾಡಿದ್ರ ವಾದ್ಯ ಆಳೆತ್ತರ ಆಗ್ತೈತಿ. ಪಾಶ್ಚಾತ್ಯ ಆರ್ಕೆಸ್ಟ್ರಾದ ಡಬಲ್ ಬೇಸ್ ನೋಡಿದ್ರ ತಿಳೀತೈತಿ, ನಿಂತು ಬಾರಿಸಬೇಕು, ಹೊತ್ತು ತಿರುಗೋದು ಕಷ್ಟ. ಬಿಗಿ ಬಹಳ ಇಳಿಸಿದ್ರ ತಂತಿ ಹಗ್ಗದಂಗ ಜೋತು ಬಿದ್ದು ಪಟಪಟ ಬಡೀತೈತಿ. ಉಳಿದದ್ದು ತೂಕ.

ಆದರೆ ತೂಕದಲ್ಲೂ ಒಂದು ತೊಡಕಿದೆ. ಒಂದೇ ಗಟ್ಟಿ ಎಳೆಯ ತಂತಿಯನ್ನು ದಪ್ಪ ಮಾಡುತ್ತಾ ಹೋದರೆ ಅದು ತಂತಿಯ ಗುಣ ಬಿಟ್ಟು ಸರಳಿನ ಗುಣ ಪಡೆಯುತ್ತದೆ. ಬಾಗುವುದಿಲ್ಲ. ಅದರ ಉಪಸ್ವರಗಳು ಜಾಗ ತಪ್ಪಿ ಮೇಲಕ್ಕೆ ಸರಿಯುತ್ತವೆ, ಸದ್ದು ಮಂಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಯುರೋಪಿನಲ್ಲಿ 17ನೇ ಶತಮಾನದಲ್ಲಿ ಒಂದು ಉಪಾಯ ಬಂತು. ಪ್ರಾಣಿಯ ಕರುಳಿನಿಂದ ಮಾಡಿದ ತೆಳು ತಂತಿಯ ಸುತ್ತ ಸಣ್ಣ ಲೋಹದ ಎಳೆ ಸುತ್ತಿದರು. ಒಳಗಿನ ಎಳೆ ಬಾಗುತ್ತದೆ, ಹೊರಗಿನ ಸುತ್ತು ಬರೀ ತೂಕ ಕೊಡುತ್ತದೆ. 1664ರ ಹೊತ್ತಿಗೆ ಲಂಡನ್ನಿನಲ್ಲಿ ಇಂಥ ತಂತಿ ಮಾರಾಟಕ್ಕಿತ್ತು. ಇವತ್ತಿನ ಬೇಸ್ ಗಿಟಾರಿನ ತಂತಿಯೂ ಇದೇ ಉಪಾಯದ ಮೊಮ್ಮಗ. ಕರುಳಿನ ಜಾಗದಲ್ಲಿ ಉಕ್ಕು ಬಂದಿದೆ, ಅಷ್ಟೇ ವ್ಯತ್ಯಾಸ.

ಬೇಸ್ ಗಿಟಾರ್ ಬಂದದ್ದು ಬಹಳ ತಡವಾಗಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ. ಡಬಲ್ ಬೇಸನ್ನು ಗಿಟಾರಿನಂತೆ ಕೊರಳಿಗೆ ಹಾಕಿಕೊಳ್ಳುವ ಹಾಗೆ ಮಾಡಿದ. ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ಎಪ್ಪತ್ತು ವರ್ಷ ದಾಟಿದರೂ ಬಹುತೇಕ ಬೇಸ್ ಗಿಟಾರುಗಳ ಅಳತೆ ಇವತ್ತಿಗೂ ಅದೇ.

ಆ 34 ಇಂಚು ನೆನಪಿನ್ಯಾಗ ಇಟ್ಕೋರಿ. ಈಗ ಧಾರವಾಡಕ್ಕ ಹೋಗೋಣ.

ರಹಿಮತ್ ಖಾನರ ಸಿತಾರ್

ಸಿತಾರಿನ ಮುಖ್ಯ ತಂತಿಯ ಉದ್ದವೂ ಹೆಚ್ಚುಕಡಿಮೆ ಇಷ್ಟೇ, ಮೂರು ಅಡಿಗೆ ಒಂಚೂರು ಕಡಿಮೆ. ಅಂದರೆ ಸಿತಾರ್ ಮಾಡುವವನಿಗೂ ಬೇಸ್ ಗಿಟಾರ್ ಮಾಡುವವನಿಗೂ ಎದುರಾಗುವ ಪ್ರಶ್ನೆ ಒಂದೇ: ಇಷ್ಟು ಉದ್ದದಲ್ಲಿ ಎಷ್ಟು ಕೆಳಗಿನ ಸ್ವರ ಸಿಗುತ್ತದೆ, ಅದಕ್ಕೆ ಎಂಥ ತಂತಿ ಬೇಕು?

ಧಾರವಾಡದಲ್ಲಿ ಸಿತಾರ್ ಬೇರೂರಿದ್ದು ಉಸ್ತಾದ್ ರಹಿಮತ್ ಖಾನರಿಂದ. 'ಸಿತಾರ್ ರತ್ನ' ಎಂದೇ ಅವರು ಹೆಸರಾದರು. ಗುಜರಾತಿನ ಭಾವನಗರದ ಸಂಗೀತ ಮನೆತನದಿಂದ ಬಂದವರು. ಕಳೆದ ಶತಮಾನದ ಮೊದಲರ್ಧದಲ್ಲಿ ಧಾರವಾಡದಲ್ಲಿ ನೆಲೆಸಿದರು. ಅವರ ಮಗ ಅಬ್ದುಲ್ ಕರೀಂ ಖಾನ್, ಮೊಮ್ಮಕ್ಕಳಾದ ಬಾಲೇ ಖಾನ್, ಛೋಟೆ ರಹಿಮತ್ ಖಾನ್, ರಫೀಕ್ ಖಾನ್, ಹೀಗೆ ತಲೆಮಾರು ತಲೆಮಾರು ಸಿತಾರ್ ನುಡಿಸುತ್ತಾ ಬಂದ ಮನೆತನ ಅದು. ಬಾಲೇ ಖಾನರು 2007ರಲ್ಲಿ ತೀರಿಕೊಂಡರು. ನಮ್ಮ ಕೇಳುಗರ ತಂದೆ-ತಾಯಿಗಳಲ್ಲಿ ಹಲವರು ಅವರ ಕಛೇರಿ ಕೇಳಿರುತ್ತಾರೆ.

ರಹಿಮತ್ ಖಾನರ ಗುರು ಉಸ್ತಾದ್ ಬಂದೇ ಅಲಿ ಖಾನ್. ಅವರು ಸಿತಾರಿನವರಲ್ಲ, ಬೀನಕಾರರು, ಅಂದರೆ ರುದ್ರವೀಣೆಯವರು. ಇದು ಕತೆಯ ಮುಖ್ಯ ಎಳೆ. ರುದ್ರವೀಣೆಯ ಜೀವ ಇರುವುದೇ ಕೆಳಗಿನ ಸಪ್ತಕದಲ್ಲಿ. ಆಲಾಪ ಅಲ್ಲಿಂದ ನಿಧಾನ ಎದ್ದು ಬರುತ್ತದೆ. ಆ ಸದ್ದು ಕಿವಿಯಲ್ಲಿ ಕೂತವರಿಗೆ ಆ ಕಾಲದ ಸಿತಾರ್ ಸ್ವಲ್ಪ ಕಿರಿದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಸಿತಾರಿನ ತಂತಿಗಳ ಜೋಡಣೆಯನ್ನು ಹೊಸದಾಗಿ ಹೊಂದಿಸಿ, ಖರಜದ ತಂತಿಗೆ ಜಾಗ ಮಾಡಿಕೊಟ್ಟ ಶ್ರೇಯವನ್ನು ಧಾರವಾಡದ ಪರಂಪರೆ ರಹಿಮತ್ ಖಾನರಿಗೆ ಕೊಡುತ್ತದೆ. ಖರಜ ಅಂದರೆ ಷಡ್ಜವೇ. ಸಂಗೀತಗಾರರ ಬಾಯಲ್ಲಿ ಕೆಳಗಿನ ಸಾ. ಇಂಥ ಬದಲಾವಣೆ ಒಬ್ಬರ ಸ್ವತ್ತಲ್ಲ. ಉತ್ತರದ ಬೇರೆ ಮನೆತನಗಳೂ ಇದೇ ದಿಕ್ಕಿನಲ್ಲಿ ಹೋದವು. ಅದಕ್ಕೂ ಮೊದಲು 19ನೇ ಶತಮಾನದಲ್ಲೇ ಸುರಬಹಾರ್ ಎಂಬ ದೊಡ್ಡ ಸಿತಾರ್ ಬಂದಿತ್ತು. ಅದು ಉದ್ದದ ದಾರಿ. ರಹಿಮತ್ ಖಾನರದು ತೂಕದ ದಾರಿ: ವಾದ್ಯ ಅದೇ, ತಂತಿ ಬೇರೆ.

ಖರಜದ ಸಿತಾರಿನಲ್ಲಿ ಏನಾಗುತ್ತದೆ ನೋಡ್ರಿ. ಸಾ ಸ್ವರವನ್ನು ಸಿ ಶಾರ್ಪ್‌ಗೆ, ಹಾರ್ಮೋನಿಯಂನವರು ಕಾಲೀ ಏಕ್ ಅಂತಾರಲ್ಲ, ಕರಿ ಒಂದು, ಅದಕ್ಕೆ ಇಟ್ಟರೆ ನಡುವಿನ ಜೋಡ್ ತಂತಿ ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತದೆ. ಖರಜದ ತಂತಿ ಅದರ ಅರ್ಧ, ಸುಮಾರು 69 ಸಲ. ಈಗ ಬೇಸ್ ಗಿಟಾರಿನ ನಾಲ್ಕು ತಂತಿ ನೋಡಿ: ಇ 41, ಎ 55, ಡಿ 73, ಜಿ 98. ಸಿತಾರಿನ ಖರಜ ಬಂದು ಕೂಡುವುದು ಎ ಮತ್ತು ಡಿ ನಡುವೆ. ಅಂದರೆ ಲಿಯೋ ಫೆಂಡರ್ ತನ್ನ ವಾದ್ಯಕ್ಕೆ ತಂತಿ ಏರಿಸುವ ಹೊತ್ತಿಗೆ, ಅಷ್ಟೇ ಉದ್ದದ ವಾದ್ಯದ ಮೇಲೆ ಅದೇ ಆಳದ ಸ್ವರ ಧಾರವಾಡದ ಮನೆಯೊಂದರಲ್ಲಿ ನುಡಿಯುತ್ತಿತ್ತು.

ಬೇಡ ಅಂದವರೂ ಇದ್ದರು

ಇಲ್ಲಿಗೆ ಕತೆ ಮುಗಿದಿದ್ರ ನಮ್ಮೂರಿನ ಹೆಮ್ಮೆ ಹೇಳಿ ಎದ್ದು ಹೋಗಬಹುದಿತ್ತು. ಆದ್ರ ಮುಂದಿನ ಭಾಗ ಬೇಸ್ ಬಾರಿಸೋರಿಗೆ ಜಾಸ್ತಿ ಉಪಯೋಗ.

20ನೇ ಶತಮಾನದ ನಡುವೆ ಸಿತಾರ್ ಎರಡು ದಾರಿ ಹಿಡಿಯಿತು. ಪಂಡಿತ್ ರವಿಶಂಕರ್ (1920–2012) ಖರಜವನ್ನು ಇಟ್ಟುಕೊಂಡರು. ಅವರ ಆಲಾಪದಲ್ಲಿ ಕೆಳಗಿನ ತಂತಿಗಳಿಗೆ ದೊಡ್ಡ ಪಾಲು. ಈ ಜೋಡಣೆಯನ್ನು ಇವತ್ತು ಖರಜ-ಪಂಚಮ ಶೈಲಿ ಅಂತಾರೆ. ಉಸ್ತಾದ್ ವಿಲಾಯತ್ ಖಾನ್ (1928–2004) ಆ ದಪ್ಪ ತಂತಿಗಳನ್ನು ತೆಗೆದುಹಾಕಿದರು. ಅವರಿಗೆ ಬೇಕಿದ್ದದ್ದು ಗಾಯಕನ ಗಂಟಲಿನಂತೆ ಹಾಡುವ ಸಿತಾರ್. ಒಂದೇ ತಂತಿಯನ್ನು ಎಳೆದು ಮೀಂಡಿನಲ್ಲಿ ಇಡೀ ಪಲುಕು ತೆಗೆಯುವಾಗ ಪಕ್ಕದಲ್ಲಿ ದಪ್ಪ ತಂತಿ ಗುಂಯ್ ಅನ್ನುತ್ತಿದ್ದರೆ ತೊಡಕು. ಆ ಜಾಗದಲ್ಲಿ ಅವರು ಗಾಂಧಾರ, ಪಂಚಮದ ತೆಳು ತಂತಿಗಳನ್ನು ತಂದರು. ಅದು ಗಾಂಧಾರ-ಪಂಚಮ ಶೈಲಿ.

ಇವರಲ್ಲಿ ಯಾರು ಸರಿ? ಇಬ್ಬರೂ ಸರಿ. ಇಬ್ಬರೂ ಮೊದಲು ಅಂಗಡಿಗೆ ಹೋಗಿ ಯಾವ ತಂತಿ ಒಳ್ಳೆಯದು ಅಂತ ಕೇಳಲಿಲ್ಲ. ನನ್ನ ಸಂಗೀತದಲ್ಲಿ ಕೆಳಗಿನ ಜಾಗದಲ್ಲಿ ಏನಿರಬೇಕು, ಏನು ಇರಬಾರದು ಅಂತ ತೀರ್ಮಾನ ಮಾಡಿದರು. ತಂತಿ ಆ ತೀರ್ಮಾನದ ಹಿಂದೆ ಬಂತು. ನನ್ನ ಪ್ರಕಾರ ತಂತಿ ಆರಿಸುವ ಪ್ರಶ್ನೆಯಲ್ಲಿ ಇದೊಂದೇ ಮಾತು ಮುಖ್ಯ. ಉಳಿದದ್ದೆಲ್ಲ ಇದರ ವಿವರ. ಎಲ್ಲಾ ಸದ್ದೂ ಕೊಡೋ ತಂತಿ ಅಂತ ಒಂದಿಲ್ಲ. ಒಂದನ್ನ ಆರಿಸಿದ್ರ ಇನ್ನೊಂದನ್ನ ಬಿಟ್ಟಂಗ.

ಮಿರಜಿನ ಜವಾರಿ

ಹುಬ್ಬಳ್ಳಿಯಿಂದ ಲೋಂಡಾ, ಬೆಳಗಾವಿ ಮೇಲೆ ರೈಲು ಹಿಡಿದರೆ ಮಿರಜ. ಗಡಿಯ ಆಚೆಯ ಸಾಂಗಲಿ ಜಿಲ್ಲೆ. ನಮ್ಮ ಕಡೆಯ ಹಾಡುಗಾರರ ತಂಬೂರಿ ಅಂದರೆ ಮಿರಜದ್ದು. ಅಲ್ಲಿಯ ವಾದ್ಯ ಮಾಡುವ ಮನೆತನಗಳು ಮೊದಲು ಶಿಕಲಗಾರರು, ಕತ್ತಿ ಮಾಡುವ, ಸಾಣೆ ಹಿಡಿಯುವ ಜನ. 19ನೇ ಶತಮಾನದಲ್ಲಿ ಕತ್ತಿಯ ಕಾಲ ಮುಗಿದಾಗ ಸಿತಾರ್, ತಂಬೂರಿಗೆ ಕೈ ಹಚ್ಚಿದರು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಕೊನೆಯ ವರ್ಷಗಳಲ್ಲಿ ನೆಲೆಸಿದ್ದು ಮಿರಜಿನಲ್ಲೇ. ಇವರು ಮೊದಲು ಹೇಳಿದ ಸಿತಾರ್ ಮನೆತನದ ಅಬ್ದುಲ್ ಕರೀಂ ಖಾನ್ ಅಲ್ಲ, ಬೇರೆ. ಹೆಸರು ಒಂದೇ ಆಗಿ ಬಹಳ ಮಂದಿಗೆ ಗೊಂದಲ ಆಗ್ತೈತಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು (1886–1952). ಸವಾಯಿ ಗಂಧರ್ವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮತ್ತು ಗದಗಿನ ಕಡೆಯ ಭೀಮಸೇನ ಜೋಶಿ. ಕಿರಾಣಾ ಗಾಯಕಿಗೂ ಬಂದೇ ಅಲಿ ಖಾನರ ಬೀನಿನ ನಂಟಿದೆ. ಅಂದರೆ ಧಾರವಾಡದ ಸಿತಾರ್, ಹುಬ್ಬಳ್ಳಿಯ ಗಾಯನ, ಎರಡರ ಹಿಂದೆಯೂ ರುದ್ರವೀಣೆಯ ಅದೇ ಕೆಳಗಿನ ಸದ್ದು.

ತಂಬೂರಿಯಲ್ಲಿ ನಾಲ್ಕು ತಂತಿ. ಸಾಮಾನ್ಯವಾಗಿ ಪಂಚಮ, ಆಮೇಲೆ ಷಡ್ಜದ ಜೋಡಿ, ಕೊನೆಗೆ ಖರಜ. ಜೋಡಿ ಉಕ್ಕಿನದು, ಖರಜ ಹಿತ್ತಾಳೆಯದು. ಯಾಕೆ ಹಿತ್ತಾಳೆ? ಅದೇ ದಪ್ಪದ ಉಕ್ಕಿಗಿಂತ ಅದು ಸುಮಾರು ನೂರಕ್ಕೆ ಎಂಟರಷ್ಟು ಹೆಚ್ಚು ತೂಕ. ಕೆಳಗಿನ ಸ್ವರಕ್ಕೆ ತೂಕವೇ ಬೇಕು. ಉಕ್ಕಿನಷ್ಟು ಬಿಗಿ ತಡೆಯುವ ಶಕ್ತಿ ಹಿತ್ತಾಳೆಗಿಲ್ಲ, ಖರಜಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ನಾಲ್ಕು ತಂತಿಗೆ ಒಂದೇ ಲೋಹ ಹಾಕದೆ ಕೆಲಸ ನೋಡಿ ಲೋಹ ಹಂಚಿದ್ದಾರೆ.

ಇನ್ನು ಜವಾರಿ. ನಮ್ಮ ಕಡೆ ಜವಾರಿ ಅಂದ್ರ ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ. ತಂಬೂರಿಯ ಜವಾರಿ ಬೇರೆ. ತಂತಿ ಕೂರುವ ಕುದುರೆಯ ಮೈ ಚಪ್ಪಟೆ ಇರಂಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಇರ್ತೈತಿ. ಕಂಪಿಸುವ ತಂತಿ ಆ ಇಳಿಜಾರನ್ನು ಸವರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ದಾರದ ಎಳೆ ಸಿಕ್ಕಿಸಿ, ಹಿಂದೆ ಮುಂದೆ ಸರಿಸಿ ಆ ಸವರುವಿಕೆಯನ್ನು ಹದ ಮಾಡುತ್ತಾರೆ. ಹದ ಕೂತಾಗ ಒಂದೇ ತಂತಿಯಿಂದ ಬೇರೆ ಬೇರೆ ಸ್ವರಗಳು ಎಸಳು ಬಿಚ್ಚಿದಂತೆ ಕೇಳುತ್ತವೆ. ಖರಜದ ತಂತಿ ನುಡಿಸಿದರೆ ಅದರಿಂದ ಗಾಂಧಾರ ಕೇಳಿಸುತ್ತದೆ, ಯಾರೂ ಗಾಂಧಾರದ ತಂತಿ ಹಾಕಿಲ್ಲದಿದ್ದರೂ. ಅದು ಖರಜದ ಐದನೇ ಉಪಸ್ವರ.

ಇದು ಸಿ. ವಿ. ರಾಮನ್ ಅವರ ಗಮನವನ್ನೂ ಸೆಳೆದಿತ್ತು. 1921ರಲ್ಲಿ ಅವರು ಭಾರತದ ತಂತಿವಾದ್ಯಗಳ ಬಗ್ಗೆ ಒಂದು ಲೇಖನ ಬರೆದರು. ಯುರೋಪಿನ ನಿಯಮದ ಪ್ರಕಾರ, ತಂತಿಯನ್ನು ಮೀಟುವ ಜಾಗದಲ್ಲಿ ಯಾವ ಉಪಸ್ವರ ಅಲುಗಾಡದೆ ನಿಲ್ಲಬೇಕೋ ಆ ಉಪಸ್ವರ ಹುಟ್ಟಲೇಬಾರದು. ತಂಬೂರಿ, ವೀಣೆಗಳಲ್ಲಿ ಅದೂ ಜೋರಾಗಿ ಹುಟ್ಟುತ್ತದೆ ಎಂದು ರಾಮನ್ ತೋರಿಸಿದರು. ಕಾರಣ ಆ ಕುದುರೆ. ಮಿರಜಿನವರು ಉಗುರಿನಲ್ಲಿ, ಕಿವಿಯಲ್ಲಿ ಬಲ್ಲದ್ದನ್ನು ಅವರು ವಿಜ್ಞಾನದ ಮಾತಿನಲ್ಲಿ ಹೇಳಿದರು.

ಗಂಗೂಬಾಯಿ ಹಾನಗಲ್ (1913–2009) ಅವರ 1930ರ ದಶಕದ ರೆಕಾರ್ಡ್ ಕೇಳಿದರೆ ತೆಳುವಾದ, ಎತ್ತರದ ಧ್ವನಿ. ಆಮೇಲೆ ಗಂಟಲಿನ ಚಿಕಿತ್ಸೆಯ ನಂತರ ಧ್ವನಿ ಇಳಿದು, ಗಡಸಾಗಿ, ನಾವೆಲ್ಲ ಬಲ್ಲ ಆ ಗಂಗೂಬಾಯಿ ಆದರು. ಹೆಂಗಸರ ದನಿ ಹೀಗಿರಬೇಕು ಅನ್ನುವ ರೂಢಿಯನ್ನು ಅವರು ಕಟ್ಟೆ ಕೆಳಗೆ ಇಟ್ಟರು. ಹಾಡುವವರ ಸಾ ಇಳಿದರೆ ತಂಬೂರಿಯ ಸಾ ಕೂಡ ಇಳಿಯಬೇಕು. ಅದೇ ತೆಳು ತಂತಿಯನ್ನು ಸಡಿಲ ಮಾಡಿದರೆ ಜವಾರಿ ಸಾಯುತ್ತದೆ. ದಪ್ಪ ತಂತಿ ಏರಿಸಬೇಕು. ತಂತಿ ಧ್ವನಿಯ ಹಿಂದೆ ಹೋಗಬೇಕು, ಧ್ವನಿ ತಂತಿಯ ಹಿಂದೆ ಹೋಗುವುದಲ್ಲ.

ಫ್ಲ್ಯಾಟ್, ರೌಂಡ್: ಅಮೆರಿಕ, ಇಂಗ್ಲೆಂಡಿನ ಜಗಳ

ಈಗ ಬೇಸ್ ಗಿಟಾರಿಗೆ ವಾಪಸ್ ಬರೋಣ. ಇಲ್ಲೂ ವಿಲಾಯತ್ ಖಾನ್–ರವಿಶಂಕರ್ ತರಹದ್ದೇ ಎರಡು ದಾರಿ.

ಮೊದಲ ದಶಕದಲ್ಲಿ ಬೇಸ್ ಗಿಟಾರಿಗೆ ಹಾಕುತ್ತಿದ್ದದ್ದು ಹೆಚ್ಚಾಗಿ ಫ್ಲ್ಯಾಟ್‌ವೂಂಡ್. ಒಳಗಿನ ಎಳೆಗೆ ಚಪ್ಪಟೆ ಪಟ್ಟಿ ಸುತ್ತಿರುತ್ತದೆ. ಮುಟ್ಟಿದರೆ ನುಣ್ಣಗೆ. ಮೇಲಿನ ಉಪಸ್ವರಗಳು ಕಡಿಮೆ, ಗುಂಡನೆಯ ದಮ್ ಅನ್ನುವ ಸದ್ದು, ಡಬಲ್ ಬೇಸಿಗೆ ಹತ್ತಿರ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದ ನೂರಾರು ಹಾಡಿಗೆ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ ಬಳಸಿದ್ದು ದಪ್ಪ ಫ್ಲ್ಯಾಟ್‌ವೂಂಡ್. ಹರಿಯದ ಹೊರತು ಬದಲಿಸುತ್ತಿರಲಿಲ್ಲ ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಹಾಡುವವರಿಗೆ ಜಾಗ ಬಿಟ್ಟು ಕೆಳಗೆ ನೆಲ ಹಾಕುವ ಸದ್ದು ಅದು.

ಇಂಗ್ಲೆಂಡಿನ 'ದ ಹೂ' ತಂಡದ ಜಾನ್ ಎಂಟ್‌ವಿಸಲ್‌ಗೆ ಬೇಕಾಗಿದ್ದು ಇದರ ಉಲ್ಟಾ. ಪಿಯಾನೋದ ಕೆಳಗಿನ ತಂತಿಯಂತೆ ಝಣ್ ಅನ್ನುವ ಬೇಸ್. 1966ರಲ್ಲಿ ರೋಟೋಸೌಂಡ್ ಕಂಪನಿಯ ಜೊತೆ ಕೂತು ರೌಂಡ್‌ವೂಂಡ್ ತಂತಿಯನ್ನು ಹದಕ್ಕೆ ತಂದ. ಗುಂಡನೆಯ ಎಳೆ ಸುತ್ತಿದ ತಂತಿ, ಮುಟ್ಟಿದರೆ ಗರಗಸದಂಗ. ಮೇಲಿನ ಉಪಸ್ವರಗಳು ಧಾರಾಳ. ಬೇಸ್ ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂತು. ಇವತ್ತು ಅಂಗಡಿಯಲ್ಲಿ ಸುಮ್ಮನೆ ಬೇಸ್ ತಂತಿ ಕೊಡಿ ಅಂದರೆ ಸಿಗುವುದು ಇದೇ.

ನೋಡಿದ್ರಲ್ಲ, ಜಗಳ ಕೆಳಗಿನ ಸ್ವರದ ಬಗ್ಗೆ ಅಲ್ಲ. ಎರಡೂ ತಂತಿ ಇ ಸ್ವರಕ್ಕೆ 41 ಸಲವೇ ಕಂಪಿಸುತ್ತವೆ. ಜಗಳ ಅದರ ಮೇಲೆ ಏಳುವ ಉಪಸ್ವರಗಳ ಬಗ್ಗೆ. ಮಿರಜಿನವನು ದಾರದ ಎಳೆ ಸರಿಸಿ ಮಾಡುವುದೂ ಅದನ್ನೇ.

ಹಂಗಾದ್ರ ಯಾವುದು ತಗೊಳ್ಳೋದು?

ಈಗ ಅಂಗಡಿ ಮುಂದ ನಿಂತೀರಿ ಅಂತ ತಿಳ್ಕೋರಿ. ಅನುಕ್ರಮವಾಗಿ ನೋಡೋಣ.

ಮೊದಲು ಉದ್ದ. ನಿಮ್ಮ ಬೇಸಿನ ಮೇಲಿನ ನಟ್‌ನಿಂದ ಕೆಳಗಿನ ಕುದುರೆವರೆಗೆ ಟೇಪ್ ಹಿಡೀರಿ. 34 ಇಂಚು ಇದ್ದರೆ ಲಾಂಗ್ ಸ್ಕೇಲ್, 30ರ ಆಸುಪಾಸು ಇದ್ದರೆ ಶಾರ್ಟ್ ಸ್ಕೇಲ್. ತಂತಿಯ ಪೊಟ್ಟಣದ ಮೇಲೆ ಇದು ಬರೆದಿರುತ್ತದೆ. ಎಷ್ಟೇ ದುಬಾರಿ ತಂತಿ ಇರಲಿ, ಉದ್ದ ತಪ್ಪಿದರೆ ದುಡ್ಡು ದಂಡ.

ಎರಡನೆಯದು ದಪ್ಪ. 45–105 ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ 45 ಭಾಗದಿಂದ 105 ಭಾಗದವರೆಗೆ ಅಂತ, ಮಿಲಿಮೀಟರಿನಲ್ಲಿ 1.14ರಿಂದ 2.67. ಇಲ್ಲೊಂದು ಚಂದದ ಲೆಕ್ಕ ಐತಿ. ಜಿ ತಂತಿಯ 98ನ್ನು ಇ ತಂತಿಯ 41.2ರಿಂದ ಭಾಗಿಸಿದರೆ 2.38. ದಪ್ಪದಲ್ಲಿ 105ನ್ನು 45ರಿಂದ ಭಾಗಿಸಿದರೆ 2.33. ಎರಡೂ ಹತ್ತಿರ ಹತ್ತಿರ. ಮೆರ್ಸೆನ್ ನಿಯಮದ ಪ್ರಕಾರ ಹೀಗಿದ್ದರೆ ನಾಲ್ಕೂ ತಂತಿಯ ಬಿಗಿ ಹೆಚ್ಚುಕಡಿಮೆ ಸಮ ಇರುತ್ತದೆ, ಬೆರಳಿಗೆ ನಾಲ್ಕೂ ಒಂದೇ ತರಹ ಅನ್ನಿಸುತ್ತದೆ. ಅದಕ್ಕೇ ಬಿಡಿ ತಂತಿ ಸಿಕ್ಕಂತೆ ಕೂಡಿಸುವ ಬದಲು ಸೆಟ್ ತಗೊಳ್ಳೋದು ಲೇಸು. ಹೊಸಬರಿಗೆ, ಬೆರಳು ಇನ್ನೂ ಮೆತ್ತಗಿದ್ದವರಿಗೆ 40–95 ಹಗುರ. ಇ ತಂತಿಯನ್ನು ಡಿಗೆ ಇಳಿಸಿ ಬಾರಿಸುವವರಿಗೆ 105 ಅಥವಾ ಅದಕ್ಕೂ ದಪ್ಪ ಬೇಕು, ಇಲ್ಲಾಂದ್ರ ಜೋತು ಬಿದ್ದ ತಂತಿ ಫ್ರೆಟ್ಟಿಗೆ ಬಡೀತೈತಿ.

ಒಂದು ಎಚ್ಚರ. ತಂಬೂರಿ, ಸಿತಾರ್ ತಂತಿಯ ಅಂಗಡಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ನಂಬರ್ ನಡೆಯುವುದು ಬ್ರಿಟಿಷರ ಕಾಲದ ತಂತಿ ಅಳತೆಯಲ್ಲಿ. ಆ ಅಳತೆಯಲ್ಲಿ ನಂಬರ್ ದೊಡ್ಡದಾದಷ್ಟೂ ತಂತಿ ತೆಳು: 30 ನಂಬರ್ ಅಂದರೆ 0.315 ಮಿಲಿಮೀಟರ್, 24 ನಂಬರ್ ಅಂದರೆ 0.559. ಬೇಸ್ ಗಿಟಾರಿನಲ್ಲಿ ನಂಬರ್ ದೊಡ್ಡದಾದಷ್ಟೂ ದಪ್ಪ. ಎರಡೂ ವಾದ್ಯ ಇರುವ ಮನೆಯಲ್ಲಿ ಇದು ತಲೆಯಲ್ಲಿರಲಿ.

ಮೂರನೆಯದು ಬಿಗಿ. ನಾಲ್ಕು ತಂತಿ ಸೇರಿ ಗಿಟಾರಿನ ಕುತ್ತಿಗೆಯನ್ನು ಎಳೆಯುವ ಭಾರ ಸುಮಾರು 75ರಿಂದ 80 ಕಿಲೋ, ಒಬ್ಬ ದೊಡ್ಡ ಆಳಿನ ತೂಕ. ಹಗುರ ಸೆಟ್ಟಿನಿಂದ ದಪ್ಪ ಸೆಟ್ಟಿಗೆ ಹೋದರೆ ಈ ಎಳೆತ ಬದಲಾಗಿ ಕುತ್ತಿಗೆ ಬಾಗಬಹುದು. ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬೇಕು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಕೈಗೆ ಕೊಡ್ರಿ. ಹಳೇ ಬೇಸ್ ಆದ್ರ ಇದು ಇನ್ನೂ ಮುಖ್ಯ.

ನಾಲ್ಕನೆಯದು ಸುತ್ತು ಮತ್ತು ಲೋಹ. ಇಲ್ಲಿ ಉತ್ತರ ನಿಮ್ಮ ಹಾಡಿನಲ್ಲಿದೆ. ಭಾವಗೀತೆ, ಭಜನೆ, ವಚನ ಹಾಡುವವರ ಹಿಂದೆ ಬಾರಿಸ್ತೀರಾ? ಫ್ಲ್ಯಾಟ್‌ವೂಂಡ್ ಹಾಕಿ ನೋಡ್ರಿ, ಹಾಡುವವರ ಮಾತಿಗೆ ಅಡ್ಡ ಬರಂಗಿಲ್ಲ. ಫ್ರೆಟ್ ಇಲ್ಲದ ಬೇಸಿನಲ್ಲಿ ಮೀಂಡ್ ತೆಗೆಯುವ ಆಸೆ ಇದ್ದರೂ ಫ್ಲ್ಯಾಟ್, ಇಲ್ಲವೇ ನೈಲಾನ್ ಪಟ್ಟಿ ಸುತ್ತಿದ ತಂತಿ, ಮರ ಸವೆಯುವುದಿಲ್ಲ. ಸಿನಿಮಾ ಹಾಡಿನ ಆರ್ಕೆಸ್ಟ್ರಾ, ಎಲ್ಲಾ ತರಹದ ಹಾಡು ಬಾರಿಸಬೇಕು ಅನ್ನೋರಿಗೆ ನಿಕಲ್ ಲೇಪದ ರೌಂಡ್‌ವೂಂಡ್. ಮೆಟಲ್, ಸ್ಲ್ಯಾಪ್ ಅನ್ನೋರಿಗೆ ಸ್ಟೇನ್‌ಲೆಸ್ ಸ್ಟೀಲ್. ಹೊಳಪು ಜಾಸ್ತಿ, ಫ್ರೆಟ್ ಸವೆತವೂ ಜಾಸ್ತಿ. ಮಳಿಗಾಲದ ತೇವ, ಬೆವರಿನ ಕೈ ಇದ್ದವರು ಬಾರಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸ್ರಿ. ಇದಕ್ಕೆ ರೊಕ್ಕ ಬೀಳಂಗಿಲ್ಲ.

ಫೋನಿಗೆ ಕೇಳಿಸದ ಸಾ

ಶುರುವಿನಲ್ಲಿ ಇಯರ್‌ಫೋನ್ ಹಾಕ್ಕೋರಿ ಅಂದಿದ್ದೆನಲ್ಲ, ಅದಕ್ಕೆ ಬರ್ತೀನಿ.

ನಿಮ್ಮ ಫೋನಿನ ಪುಟ್ಟ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಬಹಳ ಕ್ಷೀಣ. ಬೇಸ್ ಗಿಟಾರಿನ ಇ 41. ಅದರ ಉಪಸ್ವರಗಳು 82, 124, 165, 206. ಅಂದರೆ ಮೂಲ ಸ್ವರ, ಅದರ ಮೇಲಿನ ಮೂರು, ಯಾವುದೂ ಸ್ಪೀಕರಿನಿಂದ ಸರಿಯಾಗಿ ಹೊರಗೆ ಬರುವುದಿಲ್ಲ. ಆದರೂ ನಿಮಗೆ ಬೇಸ್ ಕೇಳಿದಂತೆ ಅನ್ನಿಸುತ್ತದೆ. ಉಳಿದ ಉಪಸ್ವರಗಳ ನಡುವಿನ ಅಂತರ ನೋಡಿ ಮೆದುಳು ಇಲ್ಲದ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಊರಿನ ಹೆಸರು ಗೊತ್ತಾಗುತ್ತದೆ, ಊರು ಕಾಣುವುದಿಲ್ಲ.

ತಂಬೂರಿ ಆ್ಯಪ್‌ಗೂ ಇದೇ ಗತಿ. 69 ಹರ್ಟ್ಸ್‌ನ ಖರಜ ಫೋನಿನಿಂದ ಬರಂಗಿಲ್ಲ. ಆ್ಯಪ್ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ. ಬಾಡಿಗೆ ಖೋಲಿಯಲ್ಲಿ ರಿಯಾಜ್ ಮಾಡೋ ಹುಡುಗಿಗೆ ಅದು ದೊಡ್ಡ ಉಪಕಾರ. ಆದರೆ ಬರೀ ಫೋನಿನ ಸ್ಪೀಕರಿನ ಮೇಲೆ ಬೆಳೆದ ಕಿವಿ ಕೆಳಗಿನ ಸಾ ಮೈಗೆ ತಾಕುವುದು ಹೇಗೆ ಎಂಬುದನ್ನೇ ಅರಿಯದೆ ಹೋಗಬಹುದು. ಆ ಕಿವಿಗೆ ಮಿರಜಿನ ಜವಾರಿ ಯಾಕೆ ಬೇಕು ಅಂತ ಅನ್ನಿಸುವುದಿಲ್ಲ. ಬೇಕು ಅನ್ನುವವರು ಇಲ್ಲದಾದರೆ ಆ ಇಳಿಜಾರನ್ನು ಕೆತ್ತುವ ಕೈಯೂ ಉಳಿಯುವುದಿಲ್ಲ. ಜಿಐ ಟ್ಯಾಗ್ ಹೆಸರನ್ನು ಕಾಯುತ್ತದೆ, ಗಿರಾಕಿಯನ್ನು ತಂದುಕೊಡುವುದಿಲ್ಲ. ಡಿಜೆ ಸ್ಪೀಕರಿನಲ್ಲಿ ಸಿಗುವ ಬೇಸ್ ಈ ಕೊರತೆ ತುಂಬುವುದಿಲ್ಲ. ಅಲ್ಲಿ ಗಾತ್ರ ಇದೆ, ಅದರೊಳಗೆ ಗಾಂಧಾರ ಹುಡುಕುವ ಅವಕಾಶ ಇಲ್ಲ.

ಅದಕ್ಕ ತಂತಿ ಆರ್ಡರ್ ಮಾಡೋ ಮೊದಲು ಒಂದು ಕೆಲಸ ಮಾಡ್ರಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಕಲಿಸುವ ಮನೆಗಳಿಗೆ ಬರ ಇಲ್ಲ. ಯಾರಾದರೂ ತಂಬೂರಿ ಇದ್ದವರನ್ನು ಕೇಳಿ ಹತ್ತು ನಿಮಿಷ ಅದರ ಪಕ್ಕ ಕೂಡ್ರಿ. ಖರಜದ ತಂತಿ ಒಂದನ್ನೇ ಮೀಟಲು ಹೇಳಿ, ಗಾಂಧಾರ ಕೇಳುವವರೆಗೆ ಸುಮ್ಮನೆ ಇರ್ರಿ. ಆಮೇಲೆ ಮನೆಗೆ ಬಂದು, ನೀವು ಬಾರಿಸುವ ಹಾಡನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಹಾಕಿ, ಬೇಸ್ ಎಲ್ಲಿ ಕೂತಿದೆ, ಹಾಡುವವರಿಗೆ ಎಷ್ಟು ಜಾಗ ಬಿಟ್ಟಿದೆ ಅಂತ ನೋಡ್ರಿ. ಆವಾಗ ಫ್ಲ್ಯಾಟಾ ರೌಂಡಾ, 95 ಅಥವಾ 105, ಅನ್ನೋದು ಅಂಗಡಿಯವನನ್ನ ಕೇಳೋ ಪ್ರಶ್ನೆ ಆಗಿ ಉಳಿಯಂಗಿಲ್ಲ. ಏನು ಬೇಕು ಅಂತ ನೀವ ಅವನಿಗೆ ಹೇಳ್ತೀರಿ.

ಇವತ್ತಿಗೆ ಇಷ್ಟ. ನಿಮ್ಮ ಮನ್ಯಾಗ, ಅಜ್ಜಿ ಮನ್ಯಾಗ ಹಳೇ ತಂಬೂರಿ ಮೂಲಿ ಹಿಡಿದು ನಿಂತಿದ್ರ ಅದರ ಖರಜದ ತಂತಿ ಎಂಥದು ಐತಿ ನೋಡಿ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಾಗ ಸಿಗೋಣ. ಬರ್ತೀನ್ರಿ.